ಶಹಾಪುರ-ಸುರಪುರ ಸೀಮೆಯ ಶಿಲಾಪಂಕ್ತಿಗಳು ಮತ್ತು ಬೂದಿದಿಬ್ಬಗಳು

ಪ್ರಾಚೀನ ಜಗತ್ತಿನ ಮಹಾನಿರ್ಮಿತಿಗಳೆಂದೊಡನೆ ಓದಿದವರ ಮನಸ್ಸು ಈಜಿಪ್ಟಿನತ್ತ ಹರಿಯುವುದು ಸಹಜ. ಕ್ರಿ.ಪೂ. 26ನೆಯ ಶತಮಾನದಲ್ಲಿ ಖುಫು ದೊರೆಗಾಗಿ ಎದ್ದ ಗಿಜಾದ ಪಿರಮಿಡ್ಡು ಮೊದಲಿಗೆ ಸುಮಾರು 146 ಮೀಟರ್ ಎತ್ತರವಿದ್ದಿತು. ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಹೆಗ್ಗಲ್ಲುಗಳೂ ಸರಿಸುಮಾರು ಅದೇ ಕಾಲದವು. ಶಾಲೆಯ ಪಾಠಗಳಲ್ಲಿ ಇವೆರಡಕ್ಕೂ ಸ್ಥಾನವುಂಟು. ಆದರೆ ಕೃಷ್ಣಾ-ಭೀಮಾ ನದಿಗಳ ನಡುವಣ ಶಹಾಪುರ, ಸುರಪುರಗಳ ನೆಲದಲ್ಲಿಯೂ ಜಗತ್ತಿನ ವಿದ್ವಾಂಸರು ಅರಸಿಬಂದ ಪುರಾತನ ನಿರ್ಮಿತಿಗಳಿವೆಯೆಂಬುದನ್ನು ಆ ಸೀಮೆಯ ಮಕ್ಕಳಿಗೂ ಹೇಳಿಕೊಡುವುದು ವಿರಳ.

ಶಹಾಪುರದ ಸಮೀಪದ ವಿಭೂತಿಹಳ್ಳಿಯನ್ನೇ ಮೊದಲು ನೋಡಬಹುದು. ಊರ ಬಳಿಯ ಬಯಲಿನಲ್ಲಿ ನೂರಾರು ಕಲ್ಲುಗುಂಡುಗಳಿವೆ. ಗುಡ್ಡಗಳಿಂದ ತುಂಬಿದ ಸೀಮೆಯಲ್ಲಿ ಗುಂಡುಗಳು ಬಿದ್ದಿರುವುದರಲ್ಲಿ ವಿಶೇಷವೇನೆಂದು ದಾರಿಹೋಕನು ಕೇಳಬಹುದು. ಅವನು ಒಂದು ಗುಂಡಿನ ಬಳಿ ನಿಂತು ಮುಂದಿನದನ್ನು, ಅದರಾಚೆಯದನ್ನು ಕಣ್ಣಳತೆಯಿಂದ ನೋಡಿದರೆ ಸಾಕು, ಸಾಲು ತಾನಾಗಿ ಗೋಚರಿಸುತ್ತದೆ. ಸ್ವಲ್ಪ ಓರೆಯಾಗಿ ತಿರುಗಿ ನೋಡಿದರೆ ಮತ್ತೊಂದು ಸಾಲು. ನಾಲ್ಕು ಕಲ್ಲುಗಳು ಚೌಕದ ಮೂಲೆಗಳಲ್ಲಿ, ಐದನೆಯದು ನಡುವೆ. ಈ ವಿನ್ಯಾಸವೇ ಬಯಲುದ್ದಕ್ಕೂ ಆವರ್ತಿಸಿದೆ. ನಿಸರ್ಗವು ಇಂಥ ಲೆಕ್ಕವನ್ನು ಇಡುವುದಿಲ್ಲ. ಪುರಾತತ್ತ್ವಜ್ಞರು ಇವನ್ನು ಶಿಲಾಪಂಕ್ತಿಗಳೆಂದು ಕರೆದು, ಬೃಹತ್ ಶಿಲಾ ಸಂಸ್ಕೃತಿಯ ನಿರ್ಮಿತಿಗಳಲ್ಲಿ ಎಣಿಸುತ್ತಾರೆ.

ಇದಕ್ಕಿಂತ ವಿಸ್ತಾರವಾದುದು ಹಳೆಯ ಸುರಪುರ ತಾಲ್ಲೂಕಿನ ಹಣಮಸಾಗರದ ಬಯಲು. ಬದಿಯೊಂದಕ್ಕೆ ಸುಮಾರು 600 ಮೀಟರಿನ ಚೌಕದಲ್ಲಿ, ಸುಮಾರು ಐವತ್ತು ಅಡ್ಡಸಾಲು, ಐವತ್ತು ಉದ್ದಸಾಲುಗಳಾಗಿ, 2,500ರಷ್ಟು ಕಲ್ಲುಗಳ ವಿನ್ಯಾಸವಿದು. ಫ್ರಾನ್ಸ್ ದೇಶದ ಕಾರ್ನಾಕ್‌ನಲ್ಲಿ 3,000ಕ್ಕೂ ಮಿಕ್ಕ ನಿಲುಗಲ್ಲುಗಳ ಸಾಲುಗಳಿದ್ದು ಅವು ಜಗತ್ಪ್ರಸಿದ್ಧವಾಗಿವೆ; ಸಂಖ್ಯೆಯಲ್ಲಿ ಹಣಮಸಾಗರವು ಅದಕ್ಕೆ ಬಹಳ ಕಡಿಮೆಯದಲ್ಲ. ಇಲ್ಲಿನ ಸಾಲುಗಳು ದಿಕ್ಕುಗಳನ್ನು ಅನುಸರಿಸಿರುವುದರಿಂದ, ಅಯನಕಾಲದ ಸೂರ್ಯೋದಯ-ಸೂರ್ಯಾಸ್ತಗಳನ್ನು ಇವುಗಳ ನೆರವಿನಿಂದ ಗುರುತಿಸುತ್ತಿದ್ದರೆಂದು ಖಗೋಳಶಾಸ್ತ್ರಜ್ಞರು ವಾದಿಸಿದ್ದಾರೆ. ವಾದವು ತೂಕವುಳ್ಳದ್ದು. ಆದರೆ ಸೂರ್ಯನನ್ನು ನೋಡಲು ನಾಲ್ಕಾರು ಕಲ್ಲುಗಳು ಸಾಕಾಗುವಲ್ಲಿ ಎರಡೂವರೆ ಸಾವಿರವೇಕೆಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ. ಬಯಲನ್ನು ನೆಟ್ಟಗೆ 'ವೇಧಶಾಲೆ'ಯೆಂದು ಕರೆದುಬಿಡುವವರು ಇದನ್ನು ಗಮನಿಸಬೇಕು.

ಈ ಸ್ಥಳಗಳನ್ನು ಮೊದಲು ವಿದ್ವತ್ಪ್ರಪಂಚಕ್ಕೆ ತಿಳಿಸಿದವನು ಮೆಡೋಸ್ ಟೇಲರ್. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ, 1840ರ ದಶಕದ ಆರಂಭದಿಂದ 1853ರವರೆಗೆ, ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಈತ ಬಿಡುವಿನಲ್ಲಿ ಕಲ್ಲುಗಳ ಬೆನ್ನುಹತ್ತಿದ. ರಾಜನಕೋಳೂರಿನ ಶಿಲಾಗೃಹಗಳ ವರ್ಣನೆಯೂ ಈತನಿಂದಲೇ ದೊರೆಯಿತು. ಅಲ್ಲಿ ಹಾಸುಗಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಯುರೋಪಿನ ಕಲ್ಮನೆಗಳೊಡನೆ ಇವುಗಳಿಗಿರುವ ಹೋಲಿಕೆಯನ್ನು ಕಂಡು, ಒಂದೇ ಜನಾಂಗವು ಎರಡೂ ಕಡೆ ಇವನ್ನು ಕಟ್ಟಿರಬೇಕೆಂದು ಟೇಲರ್ ಭಾವಿಸಿದ. ಇಂದು ಆ ಮತವನ್ನು ಯಾರೂ ಒಪ್ಪರು. ಆತನ ನಕ್ಷೆ, ಅಳತೆಗಳು ಮಾತ್ರ ಈಗಲೂ ಉಪಯುಕ್ತವಾಗಿವೆ.

ಈ ಕಲ್ಲುಗಳಿಗಿಂತಲೂ ಹಳೆಯದು ಬೂದಿಯ ಕಥೆ. ಕೊಡೇಕಲ್ ಎಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ಕೊಡೇಕಲ್ಲ ಬಸವಣ್ಣನೂ ಕಾಲಜ್ಞಾನ ವಚನಗಳೂ ನೆನಪಾಗುತ್ತವೆ. ಅದೇ ಕೊಡೇಕಲ್ಲಿನಲ್ಲಿ, ಹಾಗೆಯೇ ಬೂದಿಹಾಳದಲ್ಲಿ, ನವಶಿಲಾಯುಗದ ಬೂದಿದಿಬ್ಬಗಳಿವೆ. ಕೆಲವೆಡೆ ಈ ಬೂದಿಯು ಕಡುತಾಪಕ್ಕೆ ಕರಗಿ ಗಾಜಿನ ಕಿಟ್ಟದಂತೆ ಗಟ್ಟಿಯಾಗಿದೆ. ಬಳ್ಳಾರಿಯ ಬಳಿಯ ಕುಡತಿನಿಯ ದಿಬ್ಬವನ್ನು ಜನರು ಭೀಮನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದರು. 19ನೆಯ ಶತಮಾನದ ಕೆಲವು ವಿದ್ವಾಂಸರು ಅಗ್ನಿಪರ್ವತದ ಕಿಟ್ಟವೆಂದರು. ಜನರ ಊಹೆ ವಿದ್ವಾಂಸರದಕ್ಕಿಂತ ಕೀಳಾಗಿರಲಿಲ್ಲವೆಂದೇ ಹೇಳಬೇಕು. ಕೊನೆಗೆ ಬೂದಿಯನ್ನು ಪರೀಕ್ಷಿಸಿದಾಗ ಅದು ಗೋಮಯದ ಬೂದಿಯೆಂದು ಸ್ಥಿರಪಟ್ಟಿತು. ದನದ ದೊಡ್ಡಿಗಳಲ್ಲಿ ತಲೆಮಾರುಗಳ ಕಾಲ ಕೂಡಿದ ಸಗಣಿಯನ್ನು ಆಗಾಗ ಸುಟ್ಟುದರಿಂದ ಈ ದಿಬ್ಬಗಳು ಬೆಳೆದವು. ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದ ಎಫ್. ಆರ್. ಆಲ್ಚಿನ್ ಅವರು ತಮ್ಮ 1963ರ ಗ್ರಂಥದಲ್ಲಿ ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯನ್ನೂ ಹೋಳಿಯ ಬೆಂಕಿಯನ್ನೂ ಸ್ಮರಿಸಿದ್ದಾರೆ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1960ರ ದಶಕದಲ್ಲಿ ಕೊಡೇಕಲ್ಲಿನಲ್ಲಿ, ಅನಂತರ 1990ರ ದಶಕದಲ್ಲಿ ಬೂದಿಹಾಳದಲ್ಲಿ ಉತ್ಖನನ ನಡೆಸಿದರು. ಬೂದಿಹಾಳದಲ್ಲಿ ದೊಡ್ಡಿಯ ಜೊತೆಗೆ ಜನವಸತಿಯೂ, ಪ್ರಾಣಿಗಳನ್ನು ಕಡಿದು ಮಾಂಸ ಹಂಚುತ್ತಿದ್ದ ನೆಲಗಟ್ಟೂ ಹೊರಬಿದ್ದವು. ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನದ ಉತ್ತರಾರ್ಧದಿಂದ ಮುಂದಕ್ಕೆ. ಎಂದರೆ ಖುಫುವಿನ ಪಿರಮಿಡ್ಡು ಹಳತಾಗುವ ಮೊದಲೇ ಇಲ್ಲಿ ದನಗಳು ಹಟ್ಟಿ ಸೇರುತ್ತಿದ್ದವು. ಅಲ್ಲಿ ದೊರೆಯ ಹೆಸರು ಉಳಿಯಿತು. ಇಲ್ಲಿ ದೊರೆಯೂ ಇಲ್ಲ, ಶಾಸನವೂ ಇಲ್ಲ. ನಿತ್ಯದ ಕಾಯಕವೇ ದಿಬ್ಬವಾಗಿ ನಿಂತಿದೆ.

ಗೋಮಯ ಭಸ್ಮವೆಂದೊಡನೆ ಭಕ್ತರ ಮನಸ್ಸು ವಿಭೂತಿಯತ್ತ ಹೋಗುವುದು ಸ್ವಾಭಾವಿಕ. ಆದರೆ ಊರ ಹೆಸರನ್ನು ಹಿಡಿದು, ನಾಲ್ಕು ಸಾವಿರ ವರ್ಷಗಳ ಹಿಂದಿನ ಪಶುಪಾಲಕರಿಗೆ ಇಂದಿನ ಆಚಾರವನ್ನು ಆರೋಪಿಸುವುದು ಸಾಧುವಲ್ಲ. ವಿಭೂತಿಹಳ್ಳಿಯಲ್ಲಿರುವುದು ಕಲ್ಲು, ಬೂದಿಯಲ್ಲ. ಬೂದಿಹಾಳದಲ್ಲಿ ಸಿಕ್ಕುದು ಭಸ್ಮದ ಜೊತೆಗೆ ಎಲುಬು.

ವಿಭೂತಿಹಳ್ಳಿಯ ಶಿಲಾಪಂಕ್ತಿಗೆ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಿದೆ. ಎಲ್ಲ ನೆಲೆಗಳಿಗೂ ಈ ಭಾಗ್ಯವಿಲ್ಲ. ಬೂದಿಯು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ರೈತರು ದಕ್ಷಿಣದ ಎಷ್ಟೋ ದಿಬ್ಬಗಳನ್ನು ಗಾಡಿಗಳಲ್ಲಿ ಹೇರಿಕೊಂಡು ಹೋಗಿದ್ದಾರೆ. ನಾರಾಯಣಪುರದ ಬಸವಸಾಗರ ಜಲಾಶಯವು 1982ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ, ಜೋಳ ಬೆಳೆಯುತ್ತಿದ್ದ ನೆಲವು ಭತ್ತದ ಗದ್ದೆಯಾಯಿತು. ಗದ್ದೆಗೆ ಮಟ್ಟವಾದ ನೆಲ ಬೇಕು, ಕಲ್ಲಿನ ಸಾಲು ಅದಕ್ಕೆ ಅಡ್ಡಿ. ಬರಗಾಲದ ಸೀಮೆಗೆ ಬಂದ ನೀರನ್ನು ಆಕ್ಷೇಪಿಸುವವನು ಅವಿವೇಕಿ. ಆ ನೀರಿನಿಂದ ಎಷ್ಟೋ ಕುಟುಂಬಗಳು ಗುಳೆ ಹೋಗುವುದು ತಪ್ಪಿತು. ಆದರೆ ಪಂಕ್ತಿಯಿಂದ ಒಂದು ಗುಂಡನ್ನು ಉರುಳಿಸಿದರೆ ಕಳೆದುಹೋಗುವುದು ಒಂದು ಕಲ್ಲಲ್ಲ, ಅದರ ಎಡೆ. ಕಲ್ಲು ಬದುವಿನ ಮೇಲೆ ಉಳಿದಿರುತ್ತದೆ. ಅದು ಯಾವ ಸಾಲಿನ ಎಷ್ಟನೆಯದಾಗಿತ್ತೆಂಬುದನ್ನು ಮತ್ತೆ ತಿಳಿಯುವ ಉಪಾಯವಿಲ್ಲ.