ಜೊತೆಗಾರ ಆಟಗಾರನನ್ನು ಅಳೆಯುವ ಬಗೆ

ವಿರಾಮದ ವೇಳೆಯಲ್ಲಿ ನಮ್ಮ ಹುಡುಗರು ಕ್ರಿಕೆಟ್ ಆಡಲು ಗುಂಪು ಕಟ್ಟುವುದನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲರಿಗೂ ತಂಡದ ಮುಖ್ಯ ಆಟಗಾರನಾಗುವ ಆಸೆ. ಎದುರು ತುದಿಯಲ್ಲಿ ನಿಂತು ಅವನಿಗೆ ಜೊತೆ ಕೊಡುವ ಕೆಲಸ ಯಾರಿಗೂ ಬೇಡ. ಆದರೆ ನಮ್ಮ ಆದವಾನಿ ಸೀಮೆಯ ಎರೆಹೊಲದಲ್ಲಿ ದುಡಿದ ರೈತನನ್ನು ಕೇಳಿರಿ: ನೊಗದ ಒಂದು ಎತ್ತು ಎಷ್ಟೇ ಬಲಿಷ್ಠವಾಗಿದ್ದರೂ ಇನ್ನೊಂದು ಹೆಗಲು ಕೊಡದಿದ್ದರೆ ಸಾಲು ಸೊಟ್ಟಗಾಗುತ್ತದೆ ಎಂದು ಅವನು ಹೇಳುತ್ತಾನೆ.

ಭಾರತದ ಕ್ರಿಕೆಟ್ಟಿಗೆ ಕರ್ನಾಟಕ ಇಂತಹ ಇಬ್ಬರು ಶ್ರೇಷ್ಠ ಜೊತೆಗಾರರನ್ನು ಕೊಟ್ಟಿದೆ. ಸುನಿಲ್ ಗಾವಸ್ಕರರ ಕಾಲದಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್, ಸಚಿನ್ ತೆಂಡೂಲ್ಕರರ ಕಾಲದಲ್ಲಿ ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್. ಇಬ್ಬರಲ್ಲಿ ಯಾರು ಹೆಚ್ಚು?

ಮೊದಲು ಅಂಕಿಗಳನ್ನು ನೋಡೋಣ. ವಿಶ್ವನಾಥರು 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳನ್ನಾಡಿ 14 ಶತಕಗಳೊಡನೆ 6,080 ರನ್ ಗಳಿಸಿದರು, ಸರಾಸರಿ 41.93. ದ್ರಾವಿಡ್ 1996ರಿಂದ 2012ರವರೆಗೆ 164 ಟೆಸ್ಟ್ ಆಡಿದರು. 36 ಶತಕ, 13,288 ರನ್, ಸರಾಸರಿ 52.31. ಇಷ್ಟಕ್ಕೇ ತೀರ್ಪು ಕೊಡುವುದಾದರೆ ಲೇಖನ ಇಲ್ಲಿಯೇ ಮುಗಿಯಿತು. ಆದರೆ ಕಾಲ ಬೇರೆಯಾದಾಗ ಸೇರು ಪಾವುಗಳೂ ಬೇರೆಯಾಗುತ್ತವೆ. ವಿಶ್ವನಾಥರ ಆಟದ ಬಹುಭಾಗದಲ್ಲಿ ಟೆಸ್ಟ್ ಆಟಗಾರರಿಗೆ ಹೆಲ್ಮೆಟ್ ಇರಲಿಲ್ಲ. ಓವರಿಗೆ ಇಷ್ಟೇ ಬೌನ್ಸರ್ ಎಂಬ ಕಟ್ಟುಪಾಡು ಗಟ್ಟಿಯಾಗಿ ಬಂದದ್ದು 1990ರ ದಶಕದಲ್ಲಿ. ಜಿಂಬಾಬ್ವೆ, ಬಾಂಗ್ಲಾದೇಶಗಳಂತಹ ಹೊಸ ತಂಡಗಳು ಅವರ ಎದುರಿಗೆ ಬರಲಿಲ್ಲ. ಹಾಗೆಂದು ದ್ರಾವಿಡರ ದಾರಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಟೆಸ್ಟ್‌ಗಳ ಜೊತೆಗೆ 344 ಏಕದಿನ ಪಂದ್ಯಗಳು, ಅವುಗಳಲ್ಲಿ ಕೆಲವು ಕಾಲ ವಿಕೆಟ್ ಕೀಪರ್ ಕೆಲಸ; ಮೇಲಾಗಿ ವಿಡಿಯೋ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಅವರ ದೋಷಗಳನ್ನು ಹುಡುಕುವ ಎದುರಾಳಿಗಳು.

ಆದ್ದರಿಂದ ಜೊತೆಗಾರನನ್ನು ಅಳೆಯಲು ಬೇರೊಂದು ಕೋಲು ಬೇಕು. ಮುಖ್ಯ ಆಟಗಾರ ಇಲ್ಲದ ದಿನ ಅವನೇನು ಮಾಡಿದ? ನನಗೆ ಬಲವಾದ ಪರೀಕ್ಷೆಯೆಂದು ತೋರುವುದು ಇದೇ.

1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ಎದುರಾಳಿ. ಗಾಯದಿಂದಾಗಿ ಗಾವಸ್ಕರ್ ತಂಡದಲ್ಲಿರಲಿಲ್ಲ. ಆಂಡಿ ರಾಬರ್ಟ್ಸ್ ಬಿರುಗಾಳಿಯಂತೆ ಎಸೆದು 7 ವಿಕೆಟ್ ಕಿತ್ತರು. ಭಾರತದ ಮೊತ್ತ 190. ಅದರಲ್ಲಿ 97 ವಿಶ್ವನಾಥರೊಬ್ಬರದೇ, ಅದೂ ಔಟಾಗದೆ. ಶತಕಕ್ಕೆ ಮೂರು ರನ್ ಉಳಿದಿರುವಾಗಲೇ ಜೊತೆಗಾರರು ಮುಗಿದುಹೋದರು. ಭಾರತ ಪಂದ್ಯವನ್ನು 100 ರನ್‌ಗಳಿಂದ ಗೆದ್ದಿತು.

2006ರಲ್ಲಿ ಜಮೈಕಾದ ಕಿಂಗ್‌ಸ್ಟನ್. ಮತ್ತೆ ವೆಸ್ಟ್ ಇಂಡೀಸ್, ಮತ್ತೆ ಚೆಂಡು ಕುಣಿಯುವ ಪಿಚ್. ತೆಂಡೂಲ್ಕರ್ ಆ ಪ್ರವಾಸಕ್ಕೆ ಹೋಗಿರಲಿಲ್ಲ. ನಾಯಕ ದ್ರಾವಿಡ್ 81 ಮತ್ತು 68 ಹೊಡೆದರು. ಭಾರತದ ಎರಡೂ ಇನ್ನಿಂಗ್ಸ್ ಸೇರಿ ಆದದ್ದು 371. ಗೆಲುವಿನ ಅಂತರ 49 ರನ್. ಆ ದ್ವೀಪಗಳಲ್ಲಿ 1971ರ ನಂತರ ಭಾರತ ಸರಣಿ ಗೆದ್ದದ್ದು ಅಂದೇ.

ಈ ಕೋಲು ಬಾಸ್ಕೆಟ್‌ಬಾಲಿಗೂ ಸಲ್ಲುತ್ತದೆ. ಅಮೆರಿಕದ ಶಿಕಾಗೊ ಬುಲ್ಸ್ ತಂಡವನ್ನು ಮೈಕೆಲ್ ಜೋರ್ಡನ್ 1993ರಲ್ಲಿ ಬಿಟ್ಟುಹೋದಾಗ ಎಲ್ಲ ಭಾರವೂ ಜೊತೆಗಾರ ಸ್ಕಾಟಿ ಪಿಪ್ಪೆನ್ ಮೇಲೆ ಬಿತ್ತು. ಜೋರ್ಡನ್ ಇದ್ದ ವರ್ಷ ತಂಡ 57 ಪಂದ್ಯ ಗೆದ್ದಿತ್ತು. ಅವರಿಲ್ಲದ ವರ್ಷ 55. ಪ್ರಶಸ್ತಿ ಮಾತ್ರ ಕೈಗೆ ಸಿಗಲಿಲ್ಲ.

ಇನ್ನು ಮುಖ್ಯ ಆಟಗಾರ ಎದುರಿಗಿದ್ದಾಗಿನ ಮಾತು. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್‌ಗಳ ಗುರಿಯನ್ನು ಬೆನ್ನಟ್ಟಿ ಗೆದ್ದಾಗ ಗಾವಸ್ಕರ್ 102, ವಿಶ್ವನಾಥ್ 112. ಗಾವಸ್ಕರರ ಸೋದರಿಯನ್ನು ಮದುವೆಯಾದ ವಿಶ್ವನಾಥರಿಗೆ ಈ ಜೊತೆ ಮನೆಯ ಸಂಬಂಧವೂ ಹೌದು. ತೆಂಡೂಲ್ಕರ್ ಮತ್ತು ದ್ರಾವಿಡ್ ಕೂಡಿ ಟೆಸ್ಟ್‌ಗಳಲ್ಲಿ ಪೇರಿಸಿದ್ದು 6,920 ರನ್, 20 ಶತಕದ ಜೊತೆಯಾಟ.

ದ್ರಾವಿಡರ ಭಾಗ್ಯವೇ ವಿಚಿತ್ರವಾದದ್ದು. 1996ರಲ್ಲಿ ಲಾರ್ಡ್ಸ್‌ನಲ್ಲಿ ತಮ್ಮ ಮೊದಲ ಟೆಸ್ಟಿನಲ್ಲಿ 95 ಹೊಡೆದರು. ಅದೇ ಪಂದ್ಯದಲ್ಲಿ ಗಂಗೂಲಿ 131. 1999ರ ವಿಶ್ವಕಪ್ಪಿನಲ್ಲಿ ಟಾಂಟನ್‌ನಲ್ಲಿ ಇವರದು 145, ಗಂಗೂಲಿಯವರದು 183. ಅದೇ ವರ್ಷ ನಮಗೆ ಸಮೀಪದ ಹೈದರಾಬಾದಿನಲ್ಲಿ ಇವರು 153, ತೆಂಡೂಲ್ಕರ್ ಔಟಾಗದೆ 186. 2001ರ ಕಲ್ಕತ್ತದಲ್ಲಿ 180. ಆದರೆ ಜನ ನೆನೆಯುವುದು ಲಕ್ಷ್ಮಣರ 281ನ್ನು. ಆ ಪಂದ್ಯದಲ್ಲಿ ಇಬ್ಬರೂ ಕೂಡಿ 376 ರನ್ ಸೇರಿಸದಿದ್ದರೆ ಫಾಲೋಆನ್ ಆದ ಭಾರತಕ್ಕೆ ಗೆಲುವೆಲ್ಲಿಯದು? ಟೆಸ್ಟ್ ಕ್ರಿಕೆಟ್ಟಿನಲ್ಲಿ ಇವರು ಎದುರಿಸಿದ ಎಸೆತಗಳು 31,258. ಲೋಕದಲ್ಲಿ ಬೇರೆ ಯಾರೂ ಅಷ್ಟು ಎದುರಿಸಿಲ್ಲ.

ನನ್ನನ್ನು ಕೇಳಿದರೆ, ಕೆಟ್ಟ ಪಿಚ್ಚಿನ ಮೇಲೆ ಒಂದೇ ಮಧ್ಯಾಹ್ನದ ಆಟಕ್ಕೆ ವಿಶ್ವನಾಥರನ್ನು ಕಳಿಸುತ್ತೇನೆ. ಅವರು ಶತಕ ಬಾರಿಸಿದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ತಿಂಗಳುಗಟ್ಟಲೆ ಪರದೇಶದಲ್ಲಿ ಆಡಬೇಕಾದರೆ ದ್ರಾವಿಡ್ ಬೇಕು. ಹತ್ತನೆಯ ತರಗತಿಯ ಕ್ರಿಕೆಟ್ ಪಂಡಿತರು ಇದನ್ನು ಒಪ್ಪಲಾರರೆಂದು ಬಲ್ಲೆ. ಅವರು 2003ರ ಅಡಿಲೇಡ್ ಪಂದ್ಯವನ್ನು ಎತ್ತುತ್ತಾರೆ; ಅಲ್ಲಿ ದ್ರಾವಿಡ್ ಮೊದಲು 233, ಆಮೇಲೆ ಔಟಾಗದೆ 72 ಹೊಡೆದರು, ಗೆಲುವಿನ ಹೊಡೆತವೂ ಅವರದೇ ಬ್ಯಾಟಿನಿಂದ ಬಂತು.