ಲಕ್ಷ್ಮೀ ನಗರದಿಂದ ಜೈಪುರ ಹೌಸ್‌ಗೆ: ನೋಟ್ಸ್‌ನಲ್ಲಿ ಓದಿದ ಚಿತ್ರಗಳು ಕಣ್ಣೆದುರು ಬಂದಾಗ

ದೆಹಲಿಯ ಲಕ್ಷ್ಮೀ ನಗರ ಎಂದರೆ ಕೋಚಿಂಗ್ ಸೆಂಟರ್‌ಗಳ ಅಡ್ಡಾ. ಸಿಎ, ಎಸ್‌ಎಸ್‌ಸಿ, ಯುಪಿಎಸ್‌ಸಿ ಎಂದು ಬಂದ ಸಾವಿರಾರು ವಿದ್ಯಾರ್ಥಿಗಳು ಇಲ್ಲಿನ ಗಲ್ಲಿಗಳ ಪಿಜಿಗಳಲ್ಲಿದ್ದಾರೆ. ಕರ್ನಾಟಕದಿಂದ ಬಂದ ನಾನೂ ಅವರಲ್ಲೊಬ್ಬಳು.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಮೊದಲ ಪತ್ರಿಕೆಯಲ್ಲಿ ಭಾರತೀಯ ಕಲೆಯೂ ಒಂದು ವಿಷಯ. ನಮ್ಮ ಪಾಲಿಗೆ ಅದು ಬರೀ ಪಟ್ಟಿ: ಕಲಾವಿದರ ಹೆಸರು, ಚಿತ್ರ, ಇಸವಿ. ‘ತ್ರೀ ಗರ್ಲ್ಸ್, 1935, ಅಮೃತಾ ಶೇರ್‌ಗಿಲ್’ ಎಂದು ತಿಂಗಳುಗಟ್ಟಲೆ ಉರು ಹೊಡೆದಿದ್ದೆ. ಆದರೆ ಆ ಚಿತ್ರವನ್ನು ನೋಡಿದ್ದು ಜೆರಾಕ್ಸ್ ನೋಟ್ಸ್‌ನಲ್ಲಿ, ಅಂಚೆಚೀಟಿಯಷ್ಟು ದೊಡ್ಡದಾಗಿ, ಕಪ್ಪು ಬಿಳುಪಿನಲ್ಲಿ ಮಾತ್ರ. ಅದರ ಮೂಲ ಚಿತ್ರ ಇರುವುದು ಯಮುನೆಯ ಆಚೆ ದಡದಲ್ಲಿ, ಇಂಡಿಯಾ ಗೇಟ್ ಬಳಿಯ ಜೈಪುರ ಹೌಸ್‌ನಲ್ಲಿ ಎಂದು ಗೊತ್ತಾದ ಮೇಲೆ ಒಂದು ಭಾನುವಾರ ಮೆಟ್ರೋ ಹತ್ತಿದೆ.

ಶೇರ್‌ಗಿಲ್: ಮಾತಿಲ್ಲದ ಮೂವರು ಹುಡುಗಿಯರು

ಜೈಪುರ ಹೌಸ್‌ನಲ್ಲಿ 1954ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ (ಎನ್‌ಜಿಎಂಎ) ಶೇರ್‌ಗಿಲ್ ಅವರ ಚಿತ್ರಗಳ ದೊಡ್ಡ ಸಂಗ್ರಹವಿದೆ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತು ಭಾರತಕ್ಕೆ ಬಂದ ಅವರು 1941ರಲ್ಲಿ ಲಾಹೋರ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ 28.

‘ತ್ರೀ ಗರ್ಲ್ಸ್’ ಚಿತ್ರದಲ್ಲಿ ಮೂವರು ಹುಡುಗಿಯರು ಪಕ್ಕಪಕ್ಕ ಕುಳಿತಿದ್ದಾರೆ. ಯಾರೂ ಯಾರನ್ನೂ ನೋಡುತ್ತಿಲ್ಲ. ಹಿಂದೆ ಮನೆಯಿಲ್ಲ, ಮರವಿಲ್ಲ. ಜೆರಾಕ್ಸ್‌ನಲ್ಲಿ ಕಾಣದ ಉಡುಪಿನ ಕೆಂಪು ಬಣ್ಣ ಮೊದಲು ಕಣ್ಣಿಗೆ ಬಿತ್ತು. ಏನನ್ನೋ ಕಾಯುತ್ತಿರುವ ಆ ಮುಖಗಳು ಆಮೇಲೆ ಕಂಡವು. ನಮ್ಮ ಪಿಜಿ ಕೋಣೆಯಲ್ಲೂ ನಾವು ಮೂವರು. ರಿಸಲ್ಟ್ ಬರುವ ಹಿಂದಿನ ರಾತ್ರಿ ನಾವೂ ಹೀಗೇ ಮಾತಿಲ್ಲದೆ ಕುಳಿತಿರುತ್ತೇವೆ. ಅಂದಿನಿಂದ 1935 ಎಂಬ ಇಸವಿಯನ್ನು ನೆನಪಿಡಲು ನಾನು ಕಷ್ಟಪಟ್ಟಿಲ್ಲ.

ನಂದಲಾಲ್ ಬೋಸ್: ಜನರಿಗಾಗಿ ಬರೆದ ಚಿತ್ರ

ಗುಜರಾತಿನ ಹರಿಪುರದಲ್ಲಿ 1938ರಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಕೋರಿಕೆಯಂತೆ ನಂದಲಾಲ್ ಬೋಸ್ ಬರೆದ ಫಲಕಗಳು ನನ್ನ ಎರಡನೇ ಮೆಚ್ಚುಗೆ. ಡೋಲು ಬಡಿಯುವವರು, ದರ್ಜಿ, ಅಡುಗೆ ಮಾಡುವ ಹೆಂಗಸು ಹೀಗೆ ದಿನನಿತ್ಯ ಕಾಣುವ ಜನರೇ ಅಲ್ಲಿ ನಾಯಕರು. ಕೈಕಾಗದದ ಮೇಲೆ ದಪ್ಪ ರೇಖೆ, ಮಣ್ಣಿನ ಬಣ್ಣ. ಅಧಿವೇಶನಕ್ಕೆ ಬರುವ ಹಳ್ಳಿಯ ಜನ ನಡೆಯುತ್ತಲೇ ನೋಡಲಿ ಎಂದು ಬರೆದವು ಇವು. ಮುಂದೆ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದ್ದೂ ಇದೇ ನಂದಲಾಲ್ ಮತ್ತು ಅವರ ಶಿಷ್ಯರು.

ಶೇರ್‌ಗಿಲ್, ನಂದಲಾಲ್ ಇಬ್ಬರ ಕೃತಿಗಳನ್ನೂ ಸರ್ಕಾರ ‘ಕಲಾ ಸಂಪತ್ತು’ ಎಂದು ಘೋಷಿಸಿದೆ. ಹೀಗಾಗಿ 1972ರ ಕಾಯ್ದೆಯಡಿ ಖಾಸಗಿಯವರು ಅವನ್ನು ವಿದೇಶಕ್ಕೆ ಮಾರಿ ಸಾಗಿಸುವಂತಿಲ್ಲ.

ನಮ್ಮ ವೆಂಕಟಪ್ಪ, ನಮ್ಮ ಹೆಬ್ಬಾರ್

ಇಲ್ಲಿಂದ ದಾರಿ ಕರ್ನಾಟಕಕ್ಕೆ ತಿರುಗುತ್ತದೆ. ನಂದಲಾಲ್ ಜೊತೆ ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪ (1886–1965). ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಲು ಲೇಡಿ ಹೆರಿಂಗ್‌ಹ್ಯಾಮ್ ಕಟ್ಟಿದ ತಂಡದಲ್ಲಿ ಇಬ್ಬರೂ ಇದ್ದರು. ಮುಂದೆ ಅದೇ ಅಜಂತಾ ನೋಡಿ ಬಂದ ಶೇರ್‌ಗಿಲ್ 1937ರಲ್ಲಿ ‘ಬ್ರಹ್ಮಚಾರೀಸ್’ನಂಥ ದಕ್ಷಿಣ ಭಾರತದ ಚಿತ್ರಗಳನ್ನು ಬರೆದರು. ನೋಟ್ಸ್‌ನಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದ ಹೆಸರುಗಳೆಲ್ಲ ಅಜಂತಾದಲ್ಲಿ ಒಟ್ಟಿಗೆ ಸಿಕ್ಕವು.

ವೆಂಕಟಪ್ಪನವರು ವೀಣೆಯನ್ನೂ ಕಲಿತವರು. ಊಟಿಯ ಬೆಟ್ಟ, ಮಂಜನ್ನು ಜಲವರ್ಣದಲ್ಲಿ ಹಿಡಿದವರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ ಲಯ ಅರಿಯಲು ಕಥಕ್ ಕಲಿತರು. ಶೇರ್‌ಗಿಲ್ ಪ್ರಭಾವ ಅವರ ಆರಂಭದ ಚಿತ್ರಗಳಲ್ಲಿ ಕಾಣುತ್ತದೆ. ಆಮೇಲೆ ಅವರದೇ ರೇಖೆ ಹುಟ್ಟಿತು. ನಾಲ್ಕೇ ಗೆರೆಯಲ್ಲಿ ಕುಣಿಯುವ ದೇಹವೊಂದು ಕಾಗದದ ಮೇಲೆ ನಿಲ್ಲುತ್ತದೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ನೀವೂ ನೋಡಬೇಕೆ?

ಲಕ್ಷ್ಮೀ ನಗರದಿಂದ ಬ್ಲೂ ಲೈನ್ ಮೆಟ್ರೋದಲ್ಲಿ ಮಂಡಿ ಹೌಸ್‌ಗೆ ಹೋಗಿ, ಅಲ್ಲಿಂದ ಆಟೋ ಹಿಡಿದರೆ ಜೈಪುರ ಹೌಸ್ ಹತ್ತಿರ. ಸೋಮವಾರ ರಜೆ. ಪ್ರದರ್ಶನದ ಚಿತ್ರಗಳು ಆಗಾಗ ಬದಲಾಗುತ್ತವೆ, ಹಾಗಾಗಿ ವಿಚಾರಿಸಿಕೊಂಡು ಹೋಗಿ. ಬೆಂಗಳೂರಿನವರಿಗೆ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲ್‌ನಲ್ಲಿ ಎನ್‌ಜಿಎಂಎ ಶಾಖೆ ಇವೆ.

ನನ್ನ ಸಲಹೆ ಒಂದೇ. ಎಲ್ಲ ಚಿತ್ರಗಳನ್ನೂ ಓಡುತ್ತಾ ನೋಡಬೇಡಿ. ಒಂದನ್ನು ಆರಿಸಿ, ಹತ್ತು ನಿಮಿಷ ಅದರ ಮುಂದೆ ನಿಲ್ಲಿ. ಪಕ್ಕದ ಫಲಕವನ್ನು ಆಮೇಲೆ ಓದಿ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಬಹುದು, ಬರದೆಯೂ ಇರಬಹುದು. ಆ ಚಿತ್ರ ಮಾತ್ರ ನಿಮ್ಮ ಜೊತೆ ಪಿಜಿಗೆ ವಾಪಸ್ ಬರುತ್ತದೆ.