ವಲಸೆ ಬಂದ ಚಿಪ್ಪುಜೀವಿಗಳೂ ಒಡಲೊಳಗಿನ ಹುಳುಗಳೂ

"ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತು ಪ್ರಾಣಿ ಪ್ರಪಂಚಕ್ಕೂ ಸಲ್ಲುತ್ತದೆ. ಒಂದು ಕಡಲಿನ ಸಿಂಪಿ ಮತ್ತೊಂದು ಕಡಲಿಗೆ ಹೋಗಿ ನೆಲೆಸಿದರೆ ಅಲ್ಲಿನ ಮೂಲ ನಿವಾಸಿಗಳಿಗೆ ಜಾಗವೂ ಆಹಾರವೂ ಕಡಿಮೆಯಾಗುತ್ತವೆ ಎಂಬುದನ್ನು ಯಾರಾದರೂ ಊಹಿಸಬಹುದು. ಆದರೆ ಆ ಮೂಲ ನಿವಾಸಿಗಳ ಒಡಲೊಳಗೆ ಸೇರಿಕೊಂಡು ಬದುಕುವ ಹುಳುಗಳ ಗತಿ ಏನು? ಅವು ಹೆಚ್ಚುತ್ತವೆಯೇ, ಕಡಿಮೆಯಾಗುತ್ತವೆಯೇ? ಈ ಪ್ರಶ್ನೆಯನ್ನೇ ನಾವು ಇಲ್ಲಿ ವಿಚಾರ ಮಾಡೋಣ.

ಕುಂದುರ್ಪಿಯಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಬೆಟ್ಟ, ಕಲ್ಲು, ಶೇಂಗಾ ಹೊಲ, ಕುರಿ ಮಂದೆ ಇವುಗಳ ನಡುವೆ ಬೆಳೆದ ನಮಗೆ ಕಡಲಿನ ಚಿಪ್ಪುಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಕೆರೆಯಂಗಳದಲ್ಲೇ ಇದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಮಳೆ ಬಿದ್ದು ಕೆರೆ ಕುಂಟೆಗಳಿಗೆ ನೀರು ಬಂದ ವರ್ಷ ಅಂಚಿನ ಹಸಿ ಹುಲ್ಲನ್ನು ಮೇಯ್ದ ಕುರಿಗಳು ಕೆಲವು ತಿಂಗಳಲ್ಲಿ ಸೊರಗುವುದುಂಟು. ಗದ್ದದ ಕೆಳಗೆ ನೀರು ತುಂಬಿದಂತೆ ಬಾವು ಬರುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಇಂತಹ ಕುರಿಯ ಪಿತ್ತಜನಕಾಂಗವನ್ನು ಕೊಯ್ದು ನೋಡಿದರೆ ಎಲೆಯ ಆಕಾರದ ಚಪ್ಪಟೆ ಹುಳುಗಳು ಕಾಣಬಹುದು. ಇವೇ ಪಿತ್ತಜನಕಾಂಗದ ಹುಳುಗಳು. ಇವು ಕುರಿಯಿಂದ ಕುರಿಗೆ ನೇರವಾಗಿ ಅಂಟುವುದಿಲ್ಲ. ಹುಳುವಿನ ಮೊಟ್ಟೆ ಹಿಕ್ಕೆಯೊಡನೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದು ಬಂದ ಮರಿ ಈಜಿಕೊಂಡು ಹೋಗಿ ಒಂದು ಜಾತಿಯ ಕೆರೆ ಬಸವನಹುಳುವಿನ ಮೈಯನ್ನು ಹೊಗುತ್ತದೆ. ಅಲ್ಲಿ ಒಂದು ನೂರಾಗಿ, ಬಾಲವುಳ್ಳ ಮರಿಗಳಾಗಿ ಮತ್ತೆ ನೀರಿಗೆ ಬರುತ್ತದೆ. ಹುಲ್ಲಿನ ದಂಟಿಗೆ ಅಂಟಿ, ಸುತ್ತಲೂ ಕೋಶ ಕಟ್ಟಿಕೊಂಡು, ಕುರಿಯ ಬಾಯಿಗಾಗಿ ಕಾಯುತ್ತದೆ. ಕುರಿ, ನೀರು, ಬಸವನಹುಳು, ಹುಲ್ಲು - ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಹುಳುವಿನ ವಂಶ ಮುಂದುವರಿಯದು.

ತನ್ನ ಅನ್ನವನ್ನು ತಾನು ಸಂಪಾದಿಸದೆ ಮತ್ತೊಂದು ಜೀವಿಯ ಮೈಯಲ್ಲಿ ಉಂಡು ಬದುಕುವ ಇಂಥ ಜೀವಿಗೆ ಪರೋಪಜೀವಿ ಎಂದು ಹೆಸರು. ಆಶ್ರಯ ಕೊಟ್ಟ ಜೀವಿಯನ್ನು ಆತಿಥೇಯ ಎನ್ನುತ್ತಾರೆ. ಕಡಲಿನಲ್ಲಿಯೂ ಇದೇ ಸರಪಳಿ ಇದೆ. ಪಾತ್ರಧಾರಿಗಳು ಮಾತ್ರ ಬೇರೆ.

ಜರ್ಮನಿ, ಹಾಲೆಂಡ್, ಡೆನ್ಮಾರ್ಕ್ ದೇಶಗಳ ಕರಾವಳಿಯಲ್ಲಿ ವಾಡೆನ್ ಸಮುದ್ರವೆಂಬ ಆಳವಿಲ್ಲದ ಕಡಲಿದೆ. ಇಳಿತದ ವೇಳೆಯಲ್ಲಿ ಅಲ್ಲಿ ಮೈಲುಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ನಮ್ಮ ಕನ್ನಡ ಕರಾವಳಿಯವರು ಪಚ್ಚಿಲೆ ಎನ್ನುವ ಎರಡು ಚಿಪ್ಪಿನ ಜೀವಿಯ ಬಂಧುವಾದ ನೀಲಿ ಪಚ್ಚಿಲೆ ಅಲ್ಲಿನ ಮೂಲ ನಿವಾಸಿ. ಕಡಲಿನ ಒಂದು ಸಣ್ಣ ಶಂಖದ ಹುಳುವಿನಲ್ಲಿ ಬೆಳೆದ ಚಪ್ಪಟೆ ಹುಳುವಿನ ಮರಿಗಳು ನೀರಿಗಿಳಿದು ಈ ಪಚ್ಚಿಲೆಯ ಪಾದದಲ್ಲಿ ಕೋಶ ಕಟ್ಟಿಕೊಂಡು ಕೂರುತ್ತವೆ. ಕಡಲ ಹಕ್ಕಿ ಪಚ್ಚಿಲೆಯನ್ನು ತಿಂದಾಗ ಹಕ್ಕಿಯ ಕರುಳನ್ನು ಸೇರುತ್ತವೆ. ಹುಳುಗಳು ಹೆಚ್ಚಾದ ಪಚ್ಚಿಲೆ ಸರಿಯಾಗಿ ಬೆಳೆಯದು; ಬಂಡೆಗೆ ಅಂಟಿಕೊಳ್ಳಲು ಬೇಕಾದ ಎಳೆಗಳನ್ನು ನೇಯುವ ಶಕ್ತಿಯೂ ಕುಂದುತ್ತದೆ.

ಈ ಕಡಲಿಗೆ ಹೊಸಬನೊಬ್ಬ ಬಂದ. ಅದು ಜಪಾನಿನ ಕಡೆಯ ಪೆಸಿಫಿಕ್ ಸಿಂಪಿ. ಹಾಲೆಂಡಿನವರು 1964ರಲ್ಲಿಯೂ, ಜರ್ಮನಿಯ ಸಿಲ್ಟ್ ದ್ವೀಪದವರು 1986ರಲ್ಲಿಯೂ ಇದನ್ನು ಸಾಕಲು ತಂದರು. ತಣ್ಣೀರಿನಲ್ಲಿ ಇದು ತಾನಾಗಿ ಮರಿ ಮಾಡಲಾರದು ಎಂದು ಅವರು ಭಾವಿಸಿದ್ದರು. ಆ ಎಣಿಕೆ ತಪ್ಪಾಯಿತು. ಸಿಂಪಿ ಸಾಕಣೆಯ ಬೇಲಿ ದಾಟಿ ಪಚ್ಚಿಲೆಯ ಹಾಸುಗಳ ಮೇಲೆಯೇ ಮನೆ ಮಾಡಿತು.

ಇನ್ನು ಪರೋಪಜೀವಿಗಳ ವಿಷಯಕ್ಕೆ ಬರೋಣ. ಸಿಂಪಿ ಗಂಟೆಗೆ ಹಲವು ಲೀಟರ್ ನೀರನ್ನು ಒಳಗೆಳೆದು, ಸೋಸಿ, ಹೊರಗೆ ಬಿಡುವ ಜೀವಿ. ಪಚ್ಚಿಲೆಯನ್ನು ಹುಡುಕಿ ಹೊರಟ ಹುಳುವಿನ ಮರಿಗಳನ್ನೂ ಅದು ನೀರಿನ ಜೊತೆಗೆ ಎಳೆದುಕೊಳ್ಳುತ್ತದೆ. ಏನನ್ನೂ ಉಣ್ಣದೆ ಈಜುವ ಈ ಮರಿಗಳ ಆಯುಷ್ಯ ಸುಮಾರು ಒಂದು ದಿನ ಮಾತ್ರ. ಸಿಂಪಿಯೊಳಗೆ ಸಿಕ್ಕಿದರೆ ಅವುಗಳ ಪ್ರಯಾಣ ಅಲ್ಲಿಗೇ ಮುಗಿಯಿತು. ಸಿಲ್ಟ್ ದ್ವೀಪದ ಕಡೆ ವಿಜ್ಞಾನಿಗಳು ಪಚ್ಚಿಲೆಗಳನ್ನು ಒಂಟಿಯಾಗಿಯೂ ಸಿಂಪಿಗಳ ಜೊತೆಗೂ ಇಟ್ಟು ಪರೀಕ್ಷಿಸಿದಾಗ, ಸಿಂಪಿಗಳ ನೆರೆಯಲ್ಲಿದ್ದ ಪಚ್ಚಿಲೆಗಳಲ್ಲಿ ಹುಳುಗಳು ಬಹಳ ಕಡಿಮೆಯಿದ್ದವು. ಅಮೆರಿಕಾದಿಂದ ಬಂದ ಚಪ್ಪಲಿಯಾಕಾರದ ಮತ್ತೊಂದು ಚಿಪ್ಪುಜೀವಿಯೂ ಹೀಗೆಯೇ ಅಡ್ಡಿಯಾಯಿತು. ಬೇಡವೆಂದರೂ ಬಂದ ಅತಿಥಿ ಮನೆಯವರ ರೋಗವನ್ನು ತಗ್ಗಿಸಿದಂತಾಯಿತು!

ಹಾಗಾದರೆ ವಲಸೆ ಬಂದವರಿಂದ ಒಳ್ಳೆಯದೇ ಆಯಿತಲ್ಲ ಎಂದು ಸಂತೋಷಪಡುವ ಮೊದಲು ಲೆಕ್ಕದ ಇನ್ನೊಂದು ಪುಟವನ್ನೂ ತಿರುವಿ ನೋಡಬೇಕು. ಅದೇ ಸಿಂಪಿಯ ಕರುಳಿನಲ್ಲಿ ಕೆಂಪು ದಾರದಂತಹ ಒಂದು ಪರೋಪಜೀವಿ ಕುಳಿತು ಬಂದಿತ್ತು. ನೋಡಲು ಹುಳುವಿನಂತಿದ್ದರೂ ಇದು ಸಿಗಡಿ ಏಡಿಗಳ ದೂರದ ಸಂಬಂಧಿ. ಇದು ಪಚ್ಚಿಲೆಗೂ ಹರಡಿತು. ಹರಡಿದ ಕಡೆ ಪಚ್ಚಿಲೆಯ ಮಾಂಸ ಸೊರಗಿತು. ಒಂದೇ ಸಿಂಪಿ ಹಳೆಯ ಹುಳುವನ್ನು ತಡೆಯಿತು, ಹೊಸ ಹುಳುವನ್ನು ತಂದಿತು. ಒಂದು ಹುಳುವನ್ನು ಮಾತ್ರ ಎಣಿಸಿದವನು ಸಿಂಪಿಯನ್ನು ಉಪಕಾರಿ ಎಂದಾನು. ಮತ್ತೊಂದನ್ನು ಎಣಿಸಿದವನು ಅಪಕಾರಿ ಎಂದಾನು. ಎರಡನ್ನೂ ಎಣಿಸಿದವನಿಗೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಕೆಲವೊಮ್ಮೆ ಅಪಕಾರದ ಪುಟವೇ ಬಹಳ ದೊಡ್ಡದಾಗಿರುತ್ತದೆ. ಅಮೆರಿಕಾದ ಪೂರ್ವ ಕರಾವಳಿಯ ಡೆಲವೇರ್ ಕೊಲ್ಲಿಯಲ್ಲಿ 1957ರಲ್ಲಿಯೂ, ಚೆಸಪೀಕ್ ಕೊಲ್ಲಿಯಲ್ಲಿ 1959ರಲ್ಲಿಯೂ ಅಲ್ಲಿನ ಮೂಲದ ಸಿಂಪಿಗಳು ರಾಶಿರಾಶಿಯಾಗಿ ಸತ್ತವು. ಕಾರಣ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಒಂದು ಏಕಕೋಶ ಪರೋಪಜೀವಿ. ಪೆಸಿಫಿಕ್ ಸಿಂಪಿಯಲ್ಲಿರುವ ಪರೋಪಜೀವಿಯೇ ಇದು ಎಂದು ಆನುವಂಶಿಕ ಪರೀಕ್ಷೆಗಳಿಂದ 2000ದ ಹೊತ್ತಿಗೆ ತಿಳಿಯಿತು. ಪೆಸಿಫಿಕ್ ಸಿಂಪಿ ತಲೆತಲಾಂತರದಿಂದ ಅದನ್ನು ತಾಳಿಕೊಂಡು ಬಂದಿದೆ. ಎಂದೂ ಅದನ್ನು ಕಂಡರಿಯದ ಅಮೆರಿಕಾದ ಸಿಂಪಿಗೆ ಅದೇ ಮೃತ್ಯುವಾಯಿತು. ಸಿಂಪಿ ಹಿಡಿದು ಬದುಕುತ್ತಿದ್ದ ಅನೇಕ ಕುಟುಂಬಗಳ ಕಸುಬು ಕುಸಿಯಿತು.

ಹೊಸಬರು ಹೊಸ ಊರಿನಲ್ಲಿ ಅಷ್ಟು ಬೇಗ ಬಲಿಯುವುದಕ್ಕೂ ಪರೋಪಜೀವಿಗಳಿಗೂ ಸಂಬಂಧವಿದೆ. 26 ಜಾತಿಯ ವಲಸೆ ಪ್ರಾಣಿಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ತವರಿನಲ್ಲಿ ಅವುಗಳಿಗಿದ್ದ ಪರೋಪಜೀವಿ ಜಾತಿಗಳ ಸುಮಾರು ಅರ್ಧದಷ್ಟು ಮಾತ್ರ ಹೊಸ ನೆಲೆಯಲ್ಲಿ ಇವೆ ಎಂದು ತೋರಿಸಿತು. ಸಾಲಗಾರರನ್ನು ಊರಿನಲ್ಲೇ ಬಿಟ್ಟು ಬಂದವನಂತೆ ಅವು ಹಗುರಾಗಿ ಬದುಕುತ್ತವೆ. ಹಳಬರಿಗಾದರೋ ತಮ್ಮ ಹಳೆಯ ಹೊರೆ ಇದ್ದೇ ಇರುತ್ತದೆ.

ನಮ್ಮ ದೇಶದ ಕಡಲೂ ಇದಕ್ಕೆ ಹೊರತಲ್ಲ. ಮಧ್ಯ ಅಮೆರಿಕಾದ ಕಡೆಯ ಕರಿಪಟ್ಟೆ ಚಿಪ್ಪುಜೀವಿಯನ್ನು ನಮ್ಮ ಆಂಧ್ರದ ವಿಶಾಖಪಟ್ಟಣದ ಬಂದರಿನಲ್ಲಿ 1967ರಲ್ಲಿ ಗುರುತಿಸಲಾಯಿತು. ಹಡಗಿನ ತಳಕ್ಕೆ ಅಂಟಿಕೊಂಡು ಊರೂರು ತಿರುಗುವುದು ಇದರ ಸ್ವಭಾವ. ಇದೇ ಜೀವಿ 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನಲ್ಲಿ ಕಂಡಾಗ ಅಲ್ಲಿನ ಸರ್ಕಾರ ದೋಣಿಕಟ್ಟೆಗಳ ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿಸಿ ಅದನ್ನು ನಿರ್ಮೂಲ ಮಾಡಬೇಕಾಯಿತು. ದಕ್ಷಿಣ ಅಮೆರಿಕಾ ಮೂಲದ ಮತ್ತೊಂದು ಪಚ್ಚಿಲೆ ಕೇರಳದ ಹಿನ್ನೀರಿನಲ್ಲಿ ಹರಡಿರುವುದು 2019ರಲ್ಲಿ ವರದಿಯಾಯಿತು. ಅಷ್ಟಮುಡಿ ಸರೋವರದಲ್ಲಿ ಚಿಪ್ಪು ಹೆಕ್ಕಿ ಜೀವನ ಮಾಡುವವರಿಗೆ ಇದು ಚಿಂತೆ ತಂದಿದೆ. ಇಂತಹ ಕಡೆ ಹೊಸಬರ ಸಂಖ್ಯೆಯನ್ನು ಎಣಿಸಿದರೆ ಸಾಲದು. ಹಳಬರ ಚಿಪ್ಪನ್ನು ಬಿಡಿಸಿ ಒಳಗೆ ಏನಿದೆ ಎಂದೂ ನೋಡಬೇಕು.

ಬರುವವರು ಯಾವಾಗಲೂ ಪರದೇಶದವರು, ನಾವು ಮಾತ್ರ ನೊಂದವರು ಎಂದು ತಿಳಿಯಬಾರದು. ನಮ್ಮ ಕೆರೆಗಳ ಕೆಸರಿನಲ್ಲಿ ತಿರುಪುಮೊಳೆಯಂತೆ ಉದ್ದವಾದ, ಮೊನೆಯುಳ್ಳ ಕಂದು ಬಸವನಹುಳು ಸಿಗುತ್ತದೆ. ಈ ಜಾತಿ ಗಾಜಿನ ತೊಟ್ಟಿಗಳಲ್ಲಿ ಮೀನು, ನೀರುಗಿಡ ಸಾಕುವವರ ವ್ಯಾಪಾರದ ಮೂಲಕ ಅಮೆರಿಕಾವನ್ನು ಸೇರಿತು. ಟೆಕ್ಸಾಸಿನ ಕೋಮಲ್ ನದಿಯಲ್ಲಿ ಇದರೊಡನೆ ಏಷ್ಯಾದ ಚಪ್ಪಟೆ ಹುಳುವೂ ನೆಲೆಸಿ, ಅಲ್ಲಿನ ಅಪರೂಪದ ಪುಟ್ಟ ಮೀನಿನ ಕಿವಿರುಗಳನ್ನು ಹಾಳುಮಾಡಿದ್ದು 1990ರ ದಶಕದಲ್ಲಿ ತಿಳಿದುಬಂತು. ಇಲ್ಲಿ ಯಾರ ಗಮನಕ್ಕೂ ಬಾರದ ಹುಳು ಅಲ್ಲಿ ಒಂದು ಮೀನಿನ ಜಾತಿಗೇ ಕಂಟಕವಾಗಿದೆ.

ವಿದ್ಯಾರ್ಥಿ ಮಿತ್ರರೇ, ಇದರಿಂದ ನಾವು ಕಲಿಯುವ ಪಾಠ ಸರಳವಾದುದು. ತೊಟ್ಟಿಯಲ್ಲಿ ಸಾಕಿದ ಮೀನನ್ನಾಗಲಿ, ಬಸವನಹುಳುವನ್ನಾಗಲಿ, ನೀರುಗಿಡವನ್ನಾಗಲಿ ಸಾಕಾಯಿತೆಂದು ಕೆರೆ ಬಾವಿಗಳಿಗೆ ಬಿಡಬಾರದು. ನಾವು ಬಿಡುವುದು ಒಂದು ಜೀವಿಯನ್ನಲ್ಲ, ಅದರ ಒಡಲಲ್ಲಿರುವ ಸಂಸಾರವನ್ನೂ ಸಹ. ಕುರಿ ಸಾಕುವ ಪೋಷಕರಲ್ಲಿಯೂ ನಮ್ಮದೊಂದು ವಿನಂತಿ. ಮಳೆಗಾಲದಲ್ಲಿಯೂ ಅದರ ನಂತರವೂ ಮಂದೆಯನ್ನು ಜೌಗು ಅಂಚಿನಲ್ಲಿ ಮೇಯಿಸದೆ ಮೆಟ್ಟ ಭೂಮಿಯಲ್ಲಿ ಮೇಯಿಸಿರಿ. ಸಾಧ್ಯವಾದರೆ ತೊಟ್ಟಿಯಲ್ಲಿ ನೀರು ಕುಡಿಸಿರಿ. ಪಶುವೈದ್ಯರನ್ನು ಕೇಳಿ ಕಾಲಕಾಲಕ್ಕೆ ಜಂತಿನ ಔಷಧಿ ಹಾಕಿಸಿರಿ. ಬಸವನಹುಳುವನ್ನು ಕೊಲ್ಲಲೆಂದು ಎಲ್ಲಿಂದಲೋ ಮತ್ತೊಂದು ಜೀವಿಯನ್ನು ತಂದು ಕೆರೆಗೆ ಬಿಡುವ ಸಲಹೆಯನ್ನು ಯಾರಾದರೂ ಕೊಟ್ಟರೆ, ವಾಡೆನ್ ಸಮುದ್ರದ ಸಿಂಪಿಯನ್ನು ನೆನಪಿಸಿಕೊಂಡು, ಲೆಕ್ಕದ ಎರಡೂ ಪುಟಗಳನ್ನು ಕೇಳಿರಿ.

ನಾವು ಕಡಲಿನಿಂದ ದೂರವಿದ್ದೇವೆ ನಿಜ. ಆದರೆ ಕೆರೆಯ ಅಂಚಿನಲ್ಲಿ ಕುಳಿತು ಒಂದು ಬಸವನಹುಳುವಿನ ಬಾಳನ್ನು ಸರಿಯಾಗಿ ಅರಿತವನಿಗೆ ಕಡಲಿನ ಸಿಂಪಿಯ ಕಥೆ ಪರಕೀಯವಾಗಿ ತೋರದು.